ಹಸಿರು ಶಾಲಿನವರ ಗೆಲುವು ಕಲಿಸಿದ ಪಾಠ

ಘಟಪ್ರಭೆಯ ದಂಡೆಯ ದಡ್ಡಿಯಲ್ಲಾಗಲಿ, ಗೋಕಾಕ, ಮೂಡಲಗಿ ಕಡೆಯಲ್ಲಾಗಲಿ, ಚುನಾವಣೆ ಬಂದಾಗ ಏಳುವ ಪ್ರಶ್ನೆ ಒಂದೇ: ದೊಡ್ಡ ಪಕ್ಷದ ಆಸರೆಯಿಲ್ಲದೆ ರೈತನೊಬ್ಬ ಗೆದ್ದಾನೆಯೇ? ನಮ್ಮ ಬೆಳಗಾವಿ ಜಿಲ್ಲೆಯವರೇ ಆದ ಬಾಬಾಗೌಡ ಪಾಟೀಲರು ಗೆದ್ದು ತೋರಿಸಿದರು.

1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದರು. ನರಗುಂದ, ನವಲಗುಂದಗಳಲ್ಲಿ ಗೋಲಿಬಾರಿಗೆ ಜೀವ ತೆತ್ತರು. ಆ ಕಿಚ್ಚಿನಲ್ಲಿ ರೈತ ಸಂಘ ಬೆಳೆಯಿತು. 1989ರಲ್ಲಿ ಬಾಬಾಗೌಡರು ಸಂಘದಿಂದ ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕ್ಷೇತ್ರ ಗೆದ್ದರು. ಕಾಯಿದೆಯಂತೆ ಒಂದನ್ನು ಬಿಡಬೇಕಾಯಿತು, ಧಾರವಾಡ ಬಿಟ್ಟರು. ಅಲ್ಲಿಯ ಉಪಚುನಾವಣೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಆರಿಸಿ ಬಂದರು. 224 ಜನರ ಸಭೆಯಲ್ಲಿ ಸಂಘದ ದನಿ ಎರಡೇ. ಆದರೂ ಅದು ರೈತನ ದನಿ.

ಮುಂದೆ ಬಾಬಾಗೌಡರು ಬಿಜೆಪಿ ಸೇರಿದರು. 1998ರಲ್ಲಿ ಬೆಳಗಾವಿಯಿಂದ ಲೋಕಸಭೆಗೆ ಗೆದ್ದು ವಾಜಪೇಯಿಯವರ ಸರಕಾರದಲ್ಲಿ ರಾಜ್ಯ ಮಂತ್ರಿಯಾದರು. 2021ರಲ್ಲಿ ತೀರಿಕೊಂಡರು.

ಅವರು ಪಕ್ಷ ಬದಲಿಸಿದ್ದು ಸರಿಯೋ ತಪ್ಪೋ, ಓದುಗರೇ ತೂಗಿ ನೋಡಿ. ನಾಯಕ ಹೋದರೂ ಸಂಘ ನಿಲ್ಲಬೇಕಾದರೆ ಬೇರು ಊರಲ್ಲಿರಬೇಕು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆಯಿಲ್ಲ. ಬಿತ್ತನೆ ಅಲ್ಲಿಂದಲೇ ಆಗಲಿ.