ಎಳೆಯ ಸಂಶೋಧಕರಿಗೆ ಸಮ್ಮೇಳನ ಏಕೆ?

ಪ್ರಶ್ನೆ: ಪ್ರಬಂಧಗಳೆಲ್ಲ ಅಂತರ್ಜಾಲದಲ್ಲೇ ಸಿಗುವಾಗ, ಕ್ಯಾನ್ಸರ್ ಸಂಶೋಧನಾ ವಿದ್ಯಾರ್ಥಿಗಳನ್ನು ಖರ್ಚು ಮಾಡಿ ಸಮ್ಮೇಳನಗಳಿಗೆ ಕಳಿಸುವುದೇಕೆ?

ಉತ್ತರ: ಒಂದು ಕ್ಷೇತ್ರವನ್ನೇ ನೋಡಿ. ಕ್ಯಾನ್ಸರನ್ನು ಒಂದು ಕೆಟ್ಟ ಜೀನ್‌ನ ಕೆಲಸವೆಂದು ನೋಡದೆ, ಪರಸ್ಪರ ಹಿಡಿತದಲ್ಲಿರುವ ಜೀನ್‌ಗಳ ಜಾಲವಾಗಿ ಅರಿಯುವುದೇ ಕ್ಯಾನ್ಸರ್ ಸಿಸ್ಟಮ್ಸ್ ಬಯಾಲಜಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಕೆಲಸ ನಡೆದಿದೆ. ಈ ಕ್ಷೇತ್ರದಲ್ಲಿ ಗಣಿತಜ್ಞರು, ಜೀವವಿಜ್ಞಾನಿಗಳು, ವೈದ್ಯರು ಒಟ್ಟಿಗೆ ಕೂರಲೇಬೇಕು. ಉದಾಹರಣೆಗೆ, ಝೆಬ್1 ಎಂಬ ಪ್ರೋಟೀನ್ ಮತ್ತು ಮೈಕ್ರೋ ಆರ್‌ಎನ್‌ಎ-200 ಎಂಬ ಪುಟ್ಟ ಆರ್‌ಎನ್‌ಎ ಒಂದನ್ನೊಂದು ಅದುಮುತ್ತವೆ. ಈ ಜಗ್ಗಾಟ ಗಡ್ಡೆಯ ಕೋಶ ಹರಡುವ ಗುಣ ಪಡೆಯುವುದರಲ್ಲಿ ಪಾತ್ರ ವಹಿಸುತ್ತದೆ. ಇದರ ಸಮೀಕರಣ ಬರೆದ ವಿದ್ಯಾರ್ಥಿ ಸಮ್ಮೇಳನದಲ್ಲಿ ತನ್ನ ಪೋಸ್ಟರ್ ಮುಂದೆ ನಿಂತಾಗ, "ರೋಗಿಯ ಅಂಗಾಂಶದಲ್ಲಿ ಇದನ್ನು ಹೇಗೆ ಅಳೆಯುತ್ತೀರಿ?" ಎಂದು ವೈದ್ಯರೊಬ್ಬರು ಕೇಳಬಹುದು. ಅಚ್ಚಾದ ಪ್ರಬಂಧ ಹಾಗೆ ಎದುರು ಪ್ರಶ್ನೆ ಹಾಕುವುದಿಲ್ಲ.

ಆದರೆ ಹಿರಿಯರ ನಡುವೆ ಕಿರಿಯರು ಬಾಯಿಬಿಡುವುದು ಸುಲಭವಲ್ಲ. ಅಮೆರಿಕದಲ್ಲಿ 1931ರಲ್ಲಿ ಶುರುವಾದ ಗಾರ್ಡನ್ ಸಮ್ಮೇಳನಗಳು ಇದಕ್ಕೆ ಒಳ್ಳೆಯ ದಾರಿ ಹುಡುಕಿವೆ. ಹಲವು ಮುಖ್ಯ ಸಭೆಗಳಿಗೆ ಮುನ್ನ, ಪಿಎಚ್‌ಡಿ ವಿದ್ಯಾರ್ಥಿಗಳು ಮತ್ತು ಪೋಸ್ಟ್‌ಡಾಕ್‌ಗಳಿಗೆಂದೇ ಎರಡು ದಿನಗಳ ಗೋಷ್ಠಿ ಇರುತ್ತದೆ; ನಡೆಸುವವರೂ ಅವರೇ. ಅಪ್ರಕಟಿತ ಫಲಿತಾಂಶಗಳನ್ನು ಧೈರ್ಯವಾಗಿ ಹಂಚಿಕೊಳ್ಳಲೆಂದು ಫೋಟೊ, ಧ್ವನಿಮುದ್ರಣಗಳಿಗೆ ಅಲ್ಲಿ ನಿಷೇಧ. ಹಾಗಾಗಿ ಸಮ್ಮೇಳನಕ್ಕೆ ಕಳಿಸುವ ಖರ್ಚು ಸಾರ್ಥಕವೆಂದೇ ನನ್ನ ಅಭಿಪ್ರಾಯ.

ನಿಮ್ಮ ಮನೆಯಲ್ಲಿ ಸಂಶೋಧನಾ ವಿದ್ಯಾರ್ಥಿಗಳಿದ್ದರೆ, ಸಮ್ಮೇಳನಕ್ಕೆ ಸಾರಲೇಖ (ಅಬ್‌ಸ್ಟ್ರಾಕ್ಟ್) ಕಳಿಸುವ ಕಡೆಯ ದಿನದ ಜೊತೆಗೆ ಪ್ರಯಾಣ ಧನಸಹಾಯದ ಕಡೆಯ ದಿನವನ್ನೂ ನೋಡಿಕೊಳ್ಳಲು ಹೇಳಿ; ಎರಡೂ ಬೇರೆಬೇರೆ ಇರಬಹುದು.