ಹಾಯಿದೋಣಿಯೂ ಬೀಸಣಿಗೆಯೂ

ಕೆಲವು ವರುಷಗಳ ಹಿಂದೆ ಒಂಬತ್ತನೆಯ ತರಗತಿಯ ಬಾಲಿಕೆಯರನ್ನು ಕೆಂಗೇರಿ ಕೆರೆಯ ಏರಿಯ ಮೇಲೆ ಕರೆದೊಯ್ದಿದ್ದಾಗ ಅವರಲ್ಲೊಬ್ಬಳು ನಮ್ಮನ್ನು ಹೀಗೆ ಕೇಳಿದಳು: "ಮಿಸ್, ಗಾಳಿಯಿಲ್ಲದ ದಿವಸ ದೋಣಿಯವನು ದೋಣಿಯಲ್ಲಿಯೇ ಒಂದು ಫ್ಯಾನನ್ನಿಟ್ಟು ಹಾಯಿಗೆ ಗಾಳಿ ಬೀಸಿದರೆ ದೋಣಿ ಮುಂದೆ ಹೋಗುವುದೇ?" "ಹೋಗದು, ಅದು ಬಸ್ಸಿನೊಳಗೆ ನಿಂತು ಬಸ್ಸನ್ನು ತಳ್ಳಿದಂತೆ" ಎಂದು ನಾವು ಯೋಚಿಸದೆ ಉತ್ತರ ಕೊಟ್ಟೆವು. ನಮಗೆ ಕಲಿಸಿದವರೂ ಹಾಗೆಯೇ ಹೇಳಿದ್ದರು. ಆ ಉತ್ತರವು ಪೂರ್ಣವಾಗಿ ಸರಿಯಲ್ಲವೆಂದು ಒಪ್ಪಿ, ಕಾರಣವನ್ನು ಇಲ್ಲಿ ವಿವರಿಸುತ್ತೇವೆ.

ನ್ಯೂಟನ್ ಮಹಾಶಯನು 1687ರಲ್ಲಿ ಪ್ರಕಟಿಸಿದ ಮೂರನೆಯ ನಿಯಮದಂತೆ ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧವಾದ ಪ್ರತಿಕ್ರಿಯೆಯುಂಟು. ಬೀಸಣಿಗೆಯು ಗಾಳಿಯನ್ನು ಮುಂದಕ್ಕೆ ನೂಕುವಾಗ ಗಾಳಿಯು ಬೀಸಣಿಗೆಯನ್ನೂ ಅದರೊಡನೆ ದೋಣಿಯನ್ನೂ ಹಿಂದಕ್ಕೆ ನೂಕುತ್ತದೆ. ಈ ಬಲವನ್ನು 10 ಪಾಲೆಂದಿಟ್ಟುಕೊಳ್ಳೋಣ. ಹಾಯಿಯು ಚಪ್ಪಟೆಯಾಗಿದ್ದು, ಗಾಳಿಯು ಅದಕ್ಕೆ ತಾಕಿ ಪಕ್ಕಗಳಿಗೆ ಚೆದರಿಹೋದರೆ, ಹಾಯಿಗೆ ಮುಂದಕ್ಕೆ ದೊರೆಯುವ ಬಲವೂ 10 ಪಾಲೇ. ಎರಡೂ ಸರಿಹೋಗಿ ದೋಣಿಯು ಇದ್ದಲ್ಲಿಯೇ ಇರುವುದು. ಸ್ವಲ್ಪ ಗಾಳಿ ಹಾಯಿಗೆ ತಾಕದೆ ತಪ್ಪಿಹೋದರಂತೂ ಅದು ಹಿಂದಕ್ಕೇ ಸರಿಯುವುದು. ಇಷ್ಟರ ಮಟ್ಟಿಗೆ ನಮ್ಮ ಉತ್ತರವು ಸರಿ.

ಆದರೆ ಹಾಯಿಯು ಬೊಗಸೆಯಂತೆ ಬಾಗಿ, ಗಾಳಿಯನ್ನು ಬಂದ ಕಡೆಗೇ ಹಿಂದಿರುಗಿಸಿದರೆ? ಗಾಳಿಯನ್ನು ತಡೆದು ನಿಲ್ಲಿಸಿದ್ದಕ್ಕೆ 10 ಪಾಲು. ಅರ್ಧ ವೇಗದಿಂದ ಹಿಂದಕ್ಕೆ ಕಳುಹಿಸಿದ್ದಕ್ಕೆ ಇನ್ನೂ 5 ಪಾಲು. ಹೀಗೆ ಹಾಯಿಗೆ ದೊರೆತದ್ದು 15, ಬೀಸಣಿಗೆಯಿಂದ ಕಳೆದದ್ದು 10. ಉಳಿದ 5 ಪಾಲು ದೋಣಿಯನ್ನು ಮುಂದಕ್ಕೊಯ್ಯುವುದು. ಬಸ್ಸಿನ ಹೋಲಿಕೆಯು ತಪ್ಪುವುದು ಇಲ್ಲಿಯೇ. ಬಸ್ಸನ್ನು ತಳ್ಳುವವನು ಬಸ್ಸಿನಲ್ಲಿಯೇ ಉಳಿಯುತ್ತಾನೆ. ಗಾಳಿಯಾದರೋ ಹೊರಗಿನಿಂದ ಬಂದು, ದೋಣಿಯನ್ನು ಬಿಟ್ಟು ಹೊರಟುಹೋಗುತ್ತದೆ. ಅದು ಕಡೆಗೆ ಯಾವ ದಿಕ್ಕಿಗೆ ಹೋಯಿತೆಂಬುದೇ ಮುಖ್ಯವಾದ ಪ್ರಶ್ನೆ.

ಇದನ್ನು ಪರೀಕ್ಷಿಸಲು ನಮ್ಮ ಶಾಲೆಯ ಕಲ್ಲುತೊಟ್ಟಿಯಲ್ಲಿ ಥರ್ಮೊಕೋಲಿನ ದೋಣಿಯೊಂದನ್ನು ತೇಲಿಬಿಟ್ಟು, ಅದರ ಮೇಲೆ ಬ್ಯಾಟರಿಯ ಪುಟ್ಟ ಫ್ಯಾನನ್ನು ನಿಲ್ಲಿಸಿದೆವು. ರಟ್ಟಿನ ಚಪ್ಪಟೆ ಹಾಯಿಯಿದ್ದಾಗ ದೋಣಿ ತುಸು ಹಿಂದೆ ಸರಿಯಿತು. ಪ್ಲಾಸ್ಟಿಕ್ ಸೀಸೆಯನ್ನು ಉದ್ದಕ್ಕೆ ಸೀಳಿ ಹಾಯಿ ಮಾಡಿದಾಗ ಮೆಲ್ಲಗೆ ಮುಂದಕ್ಕೆ ಹೊರಟಿತು. ಹಾಯಿಯನ್ನೇ ತೆಗೆದು ಫ್ಯಾನನ್ನು ಹಿಂದಕ್ಕೆ ತಿರುಗಿಸಿದಾಗಲಾದರೋ ತೊಟ್ಟಿಯ ಆಚೆಯ ಅಂಚಿಗೆ ಓಡಿತು. ಅಲ್ಲಿ 10 ಪಾಲೂ ಲಾಭವಷ್ಟೆ. ಆದುದರಿಂದ ಬೀಸಣಿಗೆಯುಳ್ಳವನಿಗೆ ಹಾಯಿಯು ಬೇಕಾಗಿಲ್ಲ.

ಇದೇ ತತ್ತ್ವವು ನಮ್ಮ ನಾಡಿಗೆ ಬೆಳಕನ್ನೂ ಕೊಡುತ್ತಿದೆ. ಶರಾವತಿ ವಿದ್ಯುದಾಗಾರದಲ್ಲಿ ತಲಾ 103.5 ಮೆಗಾವಾಟ್ ಸಾಮರ್ಥ್ಯದ 10 ಯಂತ್ರಗಳಿಗೆ ಪೆಲ್ಟನ್ ಚಕ್ರಗಳಿವೆ. ಅವುಗಳ ಬಟ್ಟಲುಗಳು ನೀರಿನ ಧಾರೆಯನ್ನು ತಡೆಯುವುದಷ್ಟೇ ಅಲ್ಲದೆ ಹಿಂದಕ್ಕೆ ಹೊರಳಿಸುವುದರಿಂದಲೇ ಅಷ್ಟು ಬಲ ಹುಟ್ಟುವುದು. ದೇವನಹಳ್ಳಿಯಲ್ಲಿಳಿಯುವ ಜೆಟ್ ವಿಮಾನಗಳೂ ವೇಗವನ್ನು ತಗ್ಗಿಸಲು ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುತ್ತವೆ.

ಪರೀಕ್ಷೆ ನಡೆದಾಗ ಪ್ರಶ್ನೆ ಕೇಳಿದ ಬಾಲಿಕೆಯು ಶಾಲೆಯನ್ನು ಬಿಟ್ಟುಹೋಗಿದ್ದಳು. ಅಂದು ಅವಳು ನಮ್ಮ ಮಾತಿಗೆ ಎದುರಾಡದೆ ತಲೆತಗ್ಗಿಸಿದ್ದು ನಮಗೆ ಇಂದಿಗೂ ನೆನಪಿದೆ. ಈ ಸಂಚಿಕೆಯು ಅವಳ ಕೈಸೇರಲಿ. ಈಗ ಓದುತ್ತಿರುವ ಬಾಲಿಕೆಯರು ನಮ್ಮ ಉತ್ತರವನ್ನೂ ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು ನೋಡಿದ ಮೇಲೆಯೇ ನಂಬಲಿ.