ಮನಸ್ಸಿನ ಭಾರಕ್ಕೂ ಮದ್ದುಂಟು

"ಏನೂ ಕೊರತೆಯಿಲ್ಲ ಕಣ್ರೀ, ಆದ್ರೂ ಸುಮ್ಮಸುಮ್ಮನೆ ಅಳು ಬರುತ್ತೆ" ಎನ್ನುವ ಗೃಹಿಣಿಯರು ಎಷ್ಟು ಮಂದಿ! ನೀವೂ ಯಾರಿಗೂ ಹೇಳಲಾರದೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರೆ, ಈ ನಾಲ್ಕು ಮಾತು ನಿಮಗಾಗಿಯೇ.

ಚಿಂತೆಯಿಲ್ಲದ ಮನೆ ಯಾವುದಿದೆ ಹೇಳಿ? ಮಗಳ ಮದುವೆ, ಮಗನ ಪರೀಕ್ಷೆ, ಅತ್ತೆಯವರ ಕಾಯಿಲೆ ಇವುಗಳ ಚಿಂತೆ ಬರುತ್ತದೆ, ಹೋಗುತ್ತದೆ. ಆದರೆ ಎರಡು ವಾರ ಕಳೆದರೂ ಬೇಸರ ಬಿಡದೆ, ಮೆಚ್ಚಿನ ಹಾಡು, ರಂಗೋಲಿ, ನೆಂಟರ ಮಾತು ಯಾವುದೂ ಬೇಡವೆನಿಸಿದರೆ, ನಿದ್ದೆ ಊಟ ಕೆಟ್ಟರೆ, ಅದು ಖಿನ್ನತೆ ಇರಬಹುದು. ಎದೆ ಡವಡವ ಎನ್ನುವುದು, ಕೈ ಬೆವರುವುದು, 'ಏನೋ ಕೆಟ್ಟದ್ದಾಗುತ್ತೆ' ಎಂಬ ಭಯ ಇವು ಬಿಡದೆ ಕಾಡಿದರೆ ಆತಂಕದ ಕಾಯಿಲೆ ಇರಬಹುದು. ಎಷ್ಟೋ ಸಲ ಇವೆರಡೂ ತಲೆನೋವು, ಬೆನ್ನುನೋವು, ಸುಸ್ತಿನ ವೇಷದಲ್ಲಿ ಬರುತ್ತವೆ. ಥೈರಾಯ್ಡ್ ತೊಂದರೆ, ರಕ್ತಹೀನತೆಯಿಂದಲೂ ಸುಸ್ತು, ಬೇಸರ ಬರಬಹುದಾದ್ದರಿಂದ ಮೊದಲು ನಿಮ್ಮ ವೈದ್ಯರಿಗೆ ತೋರಿಸಿ.

"ಮನೋವೈದ್ಯರ ಹತ್ರ ಹೋದ್ರೆ ಹುಚ್ಚಿ ಅಂತಾರೆ" ಎಂಬ ಅಂಜಿಕೆಯೇ? ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳಲು ನಾಚುತ್ತೇವೆಯೇ? ಇದೂ ಹಾಗೆಯೇ. ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೇ ಹೇಳುತ್ತದೆ.

ಅಲ್ಲಿ ನಡೆಯುವುದಾದರೂ ಏನು? ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲು ಗಂಟೆಯಷ್ಟು ಹೊತ್ತು ಮಾತುಕತೆ. "ಧೈರ್ಯ ತಗೋಳಿ" ಎಂಬ ಬರಿಯ ಉಪದೇಶವಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ 'ನಾನು ಯಾತಕ್ಕೂ ಬಾರದವಳು' ಎಂದು ಮನಸ್ಸು ಹೇಳುತ್ತದಲ್ಲ, ಆ ಯೋಚನೆಯನ್ನು ಹಿಡಿದು ನಿಲ್ಲಿಸಿ, ಅದು ನಿಜವೇ ಎಂದು ಪರೀಕ್ಷಿಸಲು ಕಲಿಸುತ್ತಾರೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಕ್ರಮವಿದು. ದಿನಕ್ಕೆ ಹತ್ತು ನಿಮಿಷದ ನಡಿಗೆಯಂಥ ಸಣ್ಣ 'ಹೋಂವರ್ಕ್' ಸಹ ಇರುತ್ತದೆ. ಬಸ್ಸು ಹತ್ತಲು ಭಯವೇ? ಮೊದಲು ನಿಲ್ದಾಣದವರೆಗೆ, ಆಮೇಲೆ ಒಂದು ಸ್ಟಾಪಿನವರೆಗೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಭಯ ಬಿಡಿಸುತ್ತಾರೆ. ಹೀಗೆ ಕಲಿತ ವಿದ್ಯೆ ಚಿಕಿತ್ಸೆ ಮುಗಿದ ಮೇಲೂ ನಿಮ್ಮ ಕೈಯಲ್ಲಿರುತ್ತದೆ. ಇದೇ ಇದರ ದೊಡ್ಡ ಲಾಭ.

ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯಂತೆ ಆ ಕ್ಷಣಕ್ಕೆ ಕೆಲಸ ಮಾಡುವುದಿಲ್ಲ; ಗುಣ ಕಾಣಲು ಕೆಲವು ವಾರ ಬೇಕು. 'ಈಗ ಚೆನ್ನಾಗಿದ್ದೀನಲ್ಲ' ಎಂದು ನೀವಾಗಿಯೇ ನಿಲ್ಲಿಸಬೇಡಿ.

ಇದಕ್ಕಾಗಿ ಬೆಂಗಳೂರಿಗೇ ಓಡಬೇಕಿಲ್ಲ. ಚಿಕಿತ್ಸೆಯನ್ನು ಜಿಲ್ಲೆಗೇ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲೇ ನಮ್ಮ ಬಳ್ಳಾರಿಯಲ್ಲಿ ಮಾಡಿತು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಹೊರಗೆ ಹೋಗುವುದೇ ಕಷ್ಟವಾದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ ಉಚಿತ. ಹಗಲಿರುಳೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡವೆನ್ನುವ ಯೋಚನೆ ಬಂದರಂತೂ ತಡಮಾಡದೆ ಮನೆಯಲ್ಲೊಬ್ಬರಿಗೆ ಹೇಳಿ, ಆ ಕೂಡಲೇ ಫೋನ್ ಮಾಡಿ, ಇಲ್ಲವೇ ಆಸ್ಪತ್ರೆಗೆ ಹೋಗಿ.

ಮನೆಯವರಿಗೆ ಹೇಗೆ ಹೇಳುವುದು ಎನ್ನುತ್ತೀರಾ? "ರೀ, ಹದಿನೈದು ದಿನದಿಂದ ನಿದ್ದೆಯಿಲ್ಲ, ಡಾಕ್ಟರಿಗೆ ತೋರಿಸ್ಬೇಕು, ಜೊತೆಗೆ ಬನ್ನಿ" ಎನ್ನಿ. ಶುರುವಿಗೆ ಅಷ್ಟು ಸಾಕು.